ನೋವಿಲ್ಲದ ದಿನಗಳ ಲೆಕ್ಕ

ಮೈಗ್ರೇನ್ ಇರುವವರನ್ನು ಜನ ಕೇಳುವ ಪ್ರಶ್ನೆ ಒಂದೇ: ‘ತಲೆನೋವು ಹೋಯ್ತಾ?’ ಮನೆಯವರು ಕೇಳುವುದು ಅದನ್ನೇ, ಆಫೀಸಿನಲ್ಲಿ ಪಕ್ಕದ ಮೇಜಿನವರು ಕೇಳುವುದು ಅದನ್ನೇ, ಡಾಕ್ಟರು ಕೇಳುವುದೂ ಹೆಚ್ಚುಕಮ್ಮಿ ಅದನ್ನೇ. ಕಾಳಜಿಯಿಂದ ಕೇಳುವ ಪ್ರಶ್ನೆ. ಆದರೆ ಎಷ್ಟೋ ಸಲ ಇದಕ್ಕಿರುವ ನಿಜವಾದ ಉತ್ತರ ‘ನೋವು ಹೋಯ್ತು, ನಾನಿನ್ನೂ ಹುಷಾರಾಗಿಲ್ಲ’ ಎಂಬುದು. ಈ ಉತ್ತರ ಹೇಳುವುದು ಕಷ್ಟ, ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ತಲೆನೋವೇ ಇಲ್ಲವೆಂದ ಮೇಲೆ ಇನ್ನೇನು ಕಾಯಿಲೆ?

ಆ ‘ಇನ್ನೇನು’ ಎಂಬುದರ ಬಗ್ಗೆ ಒಂದಿಷ್ಟು ಯೋಚಿಸಬೇಕೆನಿಸಿದೆ. ಅದರ ಹಿಂದೆ ಒಂದು ನೈತಿಕ ಪ್ರಶ್ನೆಯೂ ಇದೆ. ಕಣ್ಣಿಗೆ ಕಾಣದ, ಯಂತ್ರಕ್ಕೆ ಸಿಗದ, ಸರಿಯಾದ ಹೆಸರೂ ಇಲ್ಲದ ಕಷ್ಟವೊಂದನ್ನು ಯಾರಾದರೂ ಹೇಳಿಕೊಂಡಾಗ ಅದನ್ನು ನಂಬುವುದು ನಾವು ತೋರಿಸುವ ದೊಡ್ಡಸ್ತಿಕೆಯೋ, ನಮ್ಮ ಮೇಲಿರುವ ಕರ್ತವ್ಯವೋ?

ಮೊದಲು ಹೆಸರಿನ ತೊಡಕು ನೋಡೋಣ. ಮೈಗ್ರೇನ್ ಎಂಬ ಪದದ ಬೇರು ಗ್ರೀಕಿನ ‘ಅರ್ಧ ತಲೆಬುರುಡೆ’. ಆಯುರ್ವೇದದಲ್ಲಿ ಇದಕ್ಕೆ ಅರ್ಧಾವಭೇದಕ ಎನ್ನುತ್ತಾರೆ, ಮರಾಠಿಯಲ್ಲಿ ಅರ್ಧಶಿಶೀ, ನಮ್ಮಲ್ಲಿ ಅರೆತಲೆನೋವು. ಎಲ್ಲರೂ ಅರ್ಧ ತಲೆಯನ್ನು ಹಿಡಿದರು, ಅದರಲ್ಲೂ ನೋವನ್ನು ಮಾತ್ರ. ಉಳಿದದ್ದಕ್ಕೆ ಹೆಸರಿಡಲಿಲ್ಲ. ಒಂದು ಅಪವಾದವೆಂದರೆ ನಮ್ಮ ಅಜ್ಜಿಯರ ‘ಪಿತ್ತ’. ‘ಅವಳಿಗೆ ಪಿತ್ತ ಕೆದರಿದೆ’ ಅಂದರೆ ಹೊಟ್ಟೆ ತೊಳಸುವುದು, ಬೆಳಕು ಸೇರದಿರುವುದು, ಮಾತು ಬೇಡವೆನಿಸುವುದು ಎಲ್ಲವೂ ಬಂತು. ಕಾರಣದ ವಿವರಣೆ ಇಂದಿನ ವೈದ್ಯಕ್ಕೆ ಒಪ್ಪಿಗೆಯಾಗದೆ ಇರಬಹುದು. ಆದರೆ ಆ ಒಂದು ಮಾತಿಗೆ ಮನೆಯವರು ಕಿಟಕಿ ಮುಚ್ಚಿ, ಒಗ್ಗರಣೆ ಹಾಕುವುದನ್ನು ನಿಲ್ಲಿಸಿ, ಮಕ್ಕಳನ್ನು ಅಂಗಳಕ್ಕೆ ಅಟ್ಟುತ್ತಿದ್ದರು. ಆಫೀಸಿಗೆ ‘ಪಿತ್ತ ಕೆದರಿದೆ’ ಎಂದು ರಜೆ ಹಾಕುವಂತಿಲ್ಲ.

ವೈದ್ಯರು ಇಂದು ವಿವರಿಸುವ ಮೈಗ್ರೇನ್‌ನಲ್ಲಿ ನೋವು ನಡುವಿನ ಒಂದು ಘಟ್ಟ, ಅಷ್ಟೆ. ಅದಕ್ಕೆ ಕೆಲವು ಗಂಟೆ, ಕೆಲವರಿಗೆ ಒಂದೆರಡು ದಿನ ಮೊದಲೇ ಆಕಳಿಕೆ, ಕುತ್ತಿಗೆ ಬಿಗಿತ, ಮಂಕು, ಸಿಹಿಯ ಮೇಲೆ ಆಸೆ ಶುರುವಾಗುತ್ತದೆ. ಸುಮಾರು ಮೂರರಲ್ಲಿ ಒಬ್ಬರಿಗೆ ‘ಆರಾ’ ಬರುತ್ತದೆ: ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆ, ನೋಟದ ಒಂದು ಭಾಗ ಮಾಯವಾಗುವುದು, ಕೈ ಜೋಮು ಹಿಡಿಯುವುದು, ಕೆಲವೊಮ್ಮೆ ಮಾತೇ ತಪ್ಪುವುದು. ಸಾಮಾನ್ಯವಾಗಿ ಇದು 5ರಿಂದ 60 ನಿಮಿಷ ಇರುತ್ತದೆ. ಕೆಲವರಿಗೆ ಆರಾ ಬಂದು ಹೋಗುತ್ತದೆ, ನೋವು ಬರುವುದೇ ಇಲ್ಲ. ಕೆಲವರಿಗೆ ತಲೆಸುತ್ತೇ ಮುಖ್ಯ. ನೋವು ಇಳಿದ ಮೇಲೂ ಒಂದು ದಿನ ಒದ್ದೆ ಬಟ್ಟೆಯ ಹಾಗೆ ಹಿಂಡಿಹೋದ ಸ್ಥಿತಿ ಇರುತ್ತದೆ. ಬೆಳಕು, ಸದ್ದು, ವಾಸನೆ ಇವೆಲ್ಲ ಆಗ ಮೈಮೇಲೆ ಬಿದ್ದಂತೆ ಬರುತ್ತವೆ. ಬಾಚಣಿಗೆ ಕೂದಲಿಗೆ ತಾಗಿದರೂ ಉರಿಯುವುದುಂಟು.

ಮುಂಬಯಿಯಲ್ಲಿ ಇದರ ಅರ್ಥವೇನೆಂದು ಇಲ್ಲಿ ಬದುಕುವವರಿಗೆ ಬಿಡಿಸಿ ಹೇಳಬೇಕಿಲ್ಲ. ದಾದರ್ ಸ್ಟೇಷನ್ನಿನ ಇಂಡಿಕೇಟರ್‌ನಲ್ಲಿ ಬೋರಿವಲಿಯ ‘ಬಿಒ’ ಕಾಣುತ್ತದೆ, ಅದರ ಪಕ್ಕದಲ್ಲಿರಬೇಕಾದ ಫಾಸ್ಟೋ ಸ್ಲೋವೋ ಎಂಬ ಅಕ್ಷರ ಕಾಣುವುದಿಲ್ಲ. ಅಲ್ಲಿ ಕಪ್ಪು ಚುಕ್ಕೆಯೂ ಇಲ್ಲ, ಮಬ್ಬೂ ಇಲ್ಲ. ಅಲ್ಲಿ ಒಂದು ಜಾಗವಿತ್ತು ಎಂಬುದೇ ಮರೆತ ಹಾಗೆ ಇರುತ್ತದೆ. ಗರ್ದಿಯಲ್ಲಿ ಯಾರದೋ ಅತ್ತರು, ಇನ್ಯಾರದೋ ಬುಟ್ಟಿಯ ಒಣಮೀನು, ಮಾಹಿಮ್ ಖಾಡಿಯ ಗಾಳಿ ಒಟ್ಟಿಗೆ ಬರುತ್ತವೆ. ವಿಲೇಪಾರ್ಲೆಯ ಪಾರ್ಲೆ ಕಾರ್ಖಾನೆ 2016ರಲ್ಲಿ ನಿಂತಾಗ ಬಿಸ್ಕತ್ತಿನ ಆ ಪರಿಮಳ ಇನ್ನಿಲ್ಲವೆಂದು ಊರೆಲ್ಲ ಮರುಗಿತು. ನನಗೂ ಆ ಪರಿಮಳ ಇಷ್ಟವೇ ಆಗಿತ್ತು, ತಿಂಗಳಲ್ಲಿ ಇಪ್ಪತ್ತು ದಿನ. ಉಳಿದ ಹತ್ತು ದಿನ ಆ ಸ್ಟೇಷನ್ ಬರುವ ಮೊದಲೇ ದುಪಟ್ಟಾ ಮೂಗಿಗೆ ಹಿಡಿಯಬೇಕಾಗುತ್ತಿತ್ತು. ಒಂದೇ ವಸ್ತು ಒಂದೇ ಮನುಷ್ಯನಿಗೆ ಒಂದು ವಾರ ಸುಖ, ಇನ್ನೊಂದು ವಾರ ಹಿಂಸೆ. ಇದನ್ನು ಪಕ್ಕದವರಿಗೆ ಹೇಗೆ ಹೇಳುವುದು?

ಇದು ಅಪರೂಪದ ಕಾಯಿಲೆಯೇನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ಮಾತಾಡಿಸಿ ನಡೆಸಿದ ಅಧ್ಯಯನದಲ್ಲಿ, ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣ ಶೇಕಡಾ 25.2. ಅಂದರೆ ನಾಲ್ವರಲ್ಲಿ ಒಬ್ಬರು. ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇದು ಪೇಟೆಯವರ, ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಎಂಬ ನಂಬಿಕೆ ಅಲ್ಲಿಗೆ ಬಿದ್ದುಹೋಗುತ್ತದೆ. ಗದ್ದೆಯ ಬಿಸಿಲಲ್ಲಿ ನಾಟಿ ಮಾಡುತ್ತ ಕಣ್ಣು ಕತ್ತಲಿಟ್ಟವರು ಯಾವ ಪಟ್ಟಿಯಲ್ಲೂ ಸೇರಿರಲಿಲ್ಲ, ಅಷ್ಟೆ.

ಇಷ್ಟು ಸಾಮಾನ್ಯವಾದದ್ದನ್ನು ಜನ ಯಾಕೆ ನಂಬುವುದಿಲ್ಲ? ಸಾಮಾನ್ಯವಾದದ್ದಕ್ಕೇ ನಂಬುವುದಿಲ್ಲ ಎಂದು ನನಗನಿಸುತ್ತದೆ. ತಲೆನೋವು ಬಾರದ ಮನುಷ್ಯನಿಲ್ಲ. ಹಾಗಾಗಿ ಎಲ್ಲರಿಗೂ ಇದು ಗೊತ್ತಿರುವ ವಿಷಯ. ತನಗೆ ಒಂದು ಕಪ್ ಚಹಾಕ್ಕೆ ಹೋಗುವ ನೋವು ಇವಳಿಗೆ ಮಾತ್ರ ಎರಡು ದಿನ ಯಾಕೆ ಇರಬೇಕು ಎಂದು ಅವರಿಗೆ ಅನಿಸುತ್ತದೆ. ಕಾಣದ ದೇಶದ ಕಥೆಯನ್ನು ನಂಬುವುದು ಸುಲಭ. ತಾನೂ ಒಮ್ಮೆ ಹೋಗಿಬಂದ ಊರಿನ ಬಗ್ಗೆ ಬೇರೆಯವರು ಬೇರೆ ಕಥೆ ಹೇಳಿದರೆ ನಂಬುವುದು ಕಷ್ಟ.

ಹಾಗಾದರೆ ಪುರಾವೆ ಯಾವುದು? ಮೈಗ್ರೇನ್ ಇರುವವರ ಎಂಆರ್‌ಐ ಬಹುತೇಕ ಮಾಮೂಲಾಗಿಯೇ ಬರುತ್ತದೆ. ಗಡ್ಡೆಯಿಲ್ಲ ಎಂದು ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಮುಗಿಯಬೇಕಾದದ್ದೇ. ಆದರೆ ಅದೇ ವರದಿ ಮರುದಿನದಿಂದ ರೋಗಿಯ ವಿರುದ್ಧದ ಸಾಕ್ಷಿಯಾಗುತ್ತದೆ: ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವಂತಲ್ಲ.’

ನಮ್ಮ ಹಳೆಯ ತಾರ್ಕಿಕರು ತಿಳಿವಳಿಕೆಯ ದಾರಿಗಳನ್ನು ಪ್ರಮಾಣ ಎಂದು ಕರೆದರು. ಚಾರ್ವಾಕರಿಗೆ ಪ್ರತ್ಯಕ್ಷ ಮಾತ್ರ ಪ್ರಮಾಣ. ವೈಶೇಷಿಕರು ಅನುಮಾನವನ್ನೂ ಸೇರಿಸಿದರು, ಇನ್ನೊಬ್ಬರ ಮಾತನ್ನು ಅನುಮಾನದೊಳಗೇ ಅಡಗಿಸಿದರು. ನೈಯಾಯಿಕರು ಮಾತ್ರ ನಂಬಲರ್ಹ ವ್ಯಕ್ತಿಯ ಮಾತು, ಅಂದರೆ ಶಬ್ದ, ತನ್ನಷ್ಟಕ್ಕೇ ಒಂದು ಪ್ರಮಾಣ ಎಂದರು. ಆ ನಂಬಲರ್ಹ ವ್ಯಕ್ತಿ, ‘ಆಪ್ತ’, ಯಾರು? ವಾತ್ಸ್ಯಾಯನನ ಭಾಷ್ಯದ ಪ್ರಕಾರ ವಿಷಯವನ್ನು ನೇರವಾಗಿ ತಿಳಿದವನು ಮತ್ತು ತಿಳಿದದ್ದನ್ನು ಇದ್ದ ಹಾಗೆ ಹೇಳಬೇಕೆಂಬ ಮನಸ್ಸುಳ್ಳವನು ಆಪ್ತ. ಅವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನಾಗಿರಬಹುದು. ಲಕ್ಷಣ ಎಲ್ಲರಿಗೂ ಒಂದೇ. ಈ ಕೊನೆಯ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹುಟ್ಟಾಗಲಿ ಪದವಿಯಾಗಲಿ ಇಲ್ಲಿ ಅರ್ಹತೆಯಲ್ಲ, ವಿಷಯದ ಹತ್ತಿರ ಇರುವುದೇ ಅರ್ಹತೆ. ನನ್ನ ತಲೆಯೊಳಗೆ ಏನಾಗುತ್ತಿದೆ ಎಂಬುದರ ಹತ್ತಿರ ನನ್ನಷ್ಟು ಇರುವವರು ಇನ್ಯಾರೂ ಇಲ್ಲ. ಇಲ್ಲಿ ಡಾಕ್ಟರ ಜ್ಞಾನ ಕಡಿಮೆಯಾಗುವುದಿಲ್ಲ. ಅದು ಬೇರೆ ವಿಷಯದ ಜ್ಞಾನ.

ಇದು ಬರೀ ತರ್ಕದ ಮಾತಲ್ಲ, ಚರಿತ್ರೆಯಲ್ಲಿ ನಡೆದದ್ದೂ ಹೌದು. ಹ್ಯೂಬರ್ಟ್ ಏರಿ ಎಂಬ ಆಂಗ್ಲ ವೈದ್ಯ 1870ರಲ್ಲಿ ತನ್ನದೇ ಕಣ್ಣೆದುರು ಬಂದುಹೋಗುತ್ತಿದ್ದ ಹೊಳೆಯುವ ಕೋಟೆಯಂಥ ಗೆರೆಗಳನ್ನು, ಅವು ನಿಮಿಷ ನಿಮಿಷಕ್ಕೆ ಹೇಗೆ ಹರಡುತ್ತವೆಂದು ಚಿತ್ರ ಬರೆದು ಪ್ರಕಟಿಸಿದ. ರಾಜ ಖಗೋಳಜ್ಞನಾಗಿದ್ದ ಅವನ ತಂದೆ ಜಾರ್ಜ್ ಏರಿಗೂ ಅದೇ ಅನುಭವವಿತ್ತು. 1941ರಲ್ಲಿ ಕಾರ್ಲ್ ಲ್ಯಾಶ್ಲಿ ತನ್ನ ಆರಾದ ನಕ್ಷೆ ಬರೆದುಕೊಂಡು, ಮಿದುಳಿನಲ್ಲಿ ಏನೋ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುತ್ತಿರಬೇಕೆಂದು ಲೆಕ್ಕ ಹಾಕಿದ. ಮೂರು ವರ್ಷದ ನಂತರ, 1944ರಲ್ಲಿ, ಬ್ರೆಜಿಲ್‌ನ ಅರಿಸ್ತಿದೆಸ್ ಲಿಯಾವೊ ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದ ಅಲೆಯೊಂದನ್ನು ಕಂಡ. ಮನುಷ್ಯರಲ್ಲಿ ಆರಾ ನಡೆಯುತ್ತಿರುವಾಗಲೇ ಅಂಥ ಬದಲಾವಣೆಯನ್ನು ಸ್ಕ್ಯಾನರ್‌ನಲ್ಲಿ ಹಿಡಿದ ವರದಿ ಬಂದದ್ದು 2001ರಲ್ಲಿ. ಅಂದರೆ ರೋಗಿ ಹೇಳಿದ್ದನ್ನು ಯಂತ್ರ ‘ಹೌದು’ ಎನ್ನಲು 131 ವರ್ಷ ಬೇಕಾಯಿತು. ಆ ನಡುವೆ ಏರಿಯ ಚಿತ್ರ ಸುಳ್ಳಾಗಿರಲಿಲ್ಲ. ಯಂತ್ರ ಇನ್ನೂ ಹುಟ್ಟಿರಲಿಲ್ಲ. ಇಂದು ಸ್ಕ್ಯಾನಿಂಗ್‌ನಲ್ಲಿ ‘ಏನೂ ಇಲ್ಲ’ ಎನಿಸಿಕೊಳ್ಳುವವರ ಸ್ಥಿತಿಯೂ ಇದೇ.

ಆದರೆ ಏರಿಗೆ ಒಂದು ಅನುಕೂಲವಿತ್ತು. ಅವನು ಗಂಡಸು, ವೈದ್ಯ, ದೊಡ್ಡ ಮನೆತನದವನು. ಅವನ ಮಾತಿಗೆ ಕಿವಿಗಳು ಕಾಯುತ್ತಿದ್ದವು. ಮೂರು ಮನೆಯ ಪಾತ್ರೆ ತೊಳೆಯುವ ಬಾಯಿ ‘ಕಣ್ಣೆದುರು ಮಿಂಚು ಬರ್ತದೆ’ ಎಂದರೆ ಅದಕ್ಕೆ ಸಿಗುವ ಉತ್ತರ ಬೇರೆ. ವಾತ್ಸ್ಯಾಯನನ ಸಮಾನತೆ ಪುಸ್ತಕದಲ್ಲೇ ಉಳಿದಿದೆ.

ಈಗ ಇನ್ನೊಂದು ತೊಡಕು. ನೋವಿಲ್ಲದೆ ಉಳಿದೆಲ್ಲ ಇರುವ ದಿನ ನಮ್ಮಂಥವರು ಆಫೀಸಿಗೆ ವಾಟ್ಸಾಪ್ ಮಾಡುವುದು ‘ಸಿಕ್ಕಾಪಟ್ಟೆ ತಲೆನೋವು, ಇವತ್ತು ಬರಲಾಗುವುದಿಲ್ಲ’ ಎಂದು. ಇದು ಸುಳ್ಳೇ? ಅಕ್ಷರಶಃ ನೋಡಿದರೆ ಸುಳ್ಳು. ಆದರೆ ಕೇಳಿದವರು ಅದರಿಂದ ತಿಳಿದುಕೊಳ್ಳುವುದು ‘ಇವಳಿಗೆ ಇಂದು ಕೆಲಸ ಮಾಡಲಾಗದು’ ಎಂದು, ಅದು ನಿಜ. ಬದಲಿಗೆ ‘ಇವತ್ತು ನನಗೆ ಪದಗಳು ಸಿಗುತ್ತಿಲ್ಲ, ಪರದೆಯ ಬೆಳಕು ಚುಚ್ಚುತ್ತಿದೆ’ ಎಂದು ಬರೆದರೆ ಪ್ರತಿ ಅಕ್ಷರವೂ ನಿಜ. ಕೇಳಿದವರು ತಿಳಿದುಕೊಳ್ಳುವುದು ಮಾತ್ರ ‘ಸೋಮವಾರದ ಸೋಮಾರಿತನ’ ಎಂದು. ನಿಜವಾದ ಮಾತು ಸುಳ್ಳು ತಿಳಿವಳಿಕೆಯನ್ನೂ, ಸುಳ್ಳು ಮಾತು ನಿಜವಾದ ತಿಳಿವಳಿಕೆಯನ್ನೂ ಹುಟ್ಟಿಸುವ ಜಾಗ ಇದು. ಹಾಗಾಗಿ ಇದನ್ನು ಸುಳ್ಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೇಳುವವರಿಗೆ ಗೊತ್ತಿರುವ ಭಾಷೆಗೆ ಮಾಡಿದ ಅನುವಾದ ಎನ್ನಬಹುದು. ಹೊರಗಿನಿಂದ ಬಂದು ಈ ಊರಲ್ಲಿ ನೆಲೆಸಿದವರಿಗೆ ಅನುವಾದ ಹೊಸದಲ್ಲ. ಮನೆಯಲ್ಲಿ ಒಂದು ಭಾಷೆ, ಸೊಸೈಟಿಯಲ್ಲಿ ಮರಾಠಿ, ರಿಕ್ಷಾದಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್.

ಆದರೆ ಪ್ರತಿ ಅನುವಾದಕ್ಕೂ ಒಂದು ಬೆಲೆಯಿದೆ. ನಾವು ಎಲ್ಲವನ್ನೂ ‘ತಲೆನೋವು’ ಎಂದು ಕರೆದಷ್ಟೂ ಉಳಿದದ್ದಕ್ಕೆ ಹೆಸರು ಹುಟ್ಟುವುದಿಲ್ಲ. ಮುಂದೆ ಔಷಧಿಯಿಂದ ನೋವು ಹೋದ ದಿನ ನಮ್ಮ ಕೈಯಲ್ಲಿ ಹೇಳಲು ಪದವೇ ಇರುವುದಿಲ್ಲ.

ಔಷಧಿಯ ವಿಷಯಕ್ಕೆ ಬಂದೇ ಬರಬೇಕು. ಈ ಊರಿಗೂ ತಲೆನೋವಿನ ಔಷಧಿಗೂ ಹಳೆಯ ನಂಟು. ಕಾಶೀನಾಥುನಿ ನಾಗೇಶ್ವರ ರಾವ್ ಎಂಬ ತೆಲುಗರು ಮುಂಬಯಿಗೆ ಬಂದು 1893ರಲ್ಲಿ ಅಮೃತಾಂಜನ ಶುರು ಮಾಡಿದರು. 1908ರಲ್ಲಿ ಇದೇ ಊರಿನಿಂದ ‘ಆಂಧ್ರ ಪತ್ರಿಕ’ ಎಂಬ ತೆಲುಗು ವಾರಪತ್ರಿಕೆಯನ್ನೂ ತಂದರು. ಹಣೆಗೆ ಹಚ್ಚುವ ಮುಲಾಮು ಮತ್ತು ತಾಯ್ನುಡಿಯ ಪತ್ರಿಕೆ, ಪರವೂರಿನವರ ಎರಡು ಅಗತ್ಯಗಳನ್ನೂ ಒಬ್ಬರೇ ಬಲ್ಲವರಾಗಿದ್ದರು.

ಮೈಗ್ರೇನ್ ಪದೇಪದೇ ಬಾರದಂತೆ ತಡೆಯಲು ಡಾಕ್ಟರು ಕೊಡುವ ಮಾತ್ರೆಗಳು ಬಹುಕಾಲ ಬೇರೆ ಕಾಯಿಲೆಗಳಿಂದ ಕಡ ತಂದವು. ಪ್ರೊಪ್ರನೊಲೊಲ್ ಹೃದಯದ್ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದು, ಟೋಪಿರಾಮೇಟ್ ಅಪಸ್ಮಾರದ್ದು. ಮೈಗ್ರೇನ್ ತಡೆಗೆಂದೇ ರೂಪಿಸಿದ ಸಿಜಿಆರ್‌ಪಿ ಬಗೆಯ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2018ರಲ್ಲಿ. ಪರವಾಗಿಲ್ಲ, ಕಡ ತಂದದ್ದೂ ಕೆಲಸ ಮಾಡುತ್ತದೆ. ಪ್ರಶ್ನೆ ಇರುವುದು ‘ಕೆಲಸ ಮಾಡಿತು’ ಎಂದು ಹೇಳುವವರು ಯಾರು, ಯಾವುದನ್ನು ಎಣಿಸಿ ಎಂಬುದರಲ್ಲಿ.

ಇಲ್ಲಿ ನನ್ನ ಸಂಗತಿ ಹೇಳಬೇಕಾಗುತ್ತದೆ. ಡಾಕ್ಟರು ಹೇಳಿದಂತೆ ನಾನು ಡೈರಿ ಇಟ್ಟಿದ್ದೆ. ಟೋಪಿರಾಮೇಟ್ ಶುರುವಾದ ಮೂರನೇ ತಿಂಗಳಿಗೆ ನೋವಿನ ದಿನಗಳು ಹನ್ನೊಂದರಿಂದ ನಾಲ್ಕಕ್ಕೆ ಇಳಿದವು. ಯಾವ ಅಳತೆಯಿಂದ ನೋಡಿದರೂ ಇದು ಗೆಲುವು; ತಿಂಗಳಿನ ದಿನಗಳು ಅರ್ಧಕ್ಕೆ ಇಳಿದರೆ ಸಾಕು, ಔಷಧಿ ಹಿಡಿಯಿತು ಎನ್ನುತ್ತಾರೆ. ಜೊತೆಗೆ ಬೆರಳ ತುದಿ ಜುಮ್ಮೆನ್ನುವುದು, ಸೋಡಾ ಸಪ್ಪೆಯಾಗುವುದು ಬಂತು. ಅದು ತಾಳಬಹುದಾದದ್ದು. ಪದಗಳು ಕೈಕೊಡತೊಡಗಿದ್ದು ಬೇರೆ. ಕಾಗದಪತ್ರ ಓದಿ ತಿದ್ದುವುದು ನನ್ನ ಕೆಲಸ. ‘ಜಾಮೀನು’ ಎಂಬ ಪದ ಬೇಕಾದಾಗ ಅದರ ಅರ್ಥ ಗೊತ್ತಿರುತ್ತಿತ್ತು, ಎಷ್ಟು ಅಕ್ಷರದ ಪದವೆಂದೂ ಗೊತ್ತಿರುತ್ತಿತ್ತು, ಪದ ಮಾತ್ರ ಇಲ್ಲ. ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವಾಗ ‘ಅದು, ಅದು’ ಎಂದು ನಿಲ್ಲುತ್ತಿದ್ದೆ. ಅಮ್ಮ ‘ಕನ್ನಡ ಮರೀತಾ ಬಂತೇನೇ ನಿಂಗೆ?’ ಎಂದು ನಕ್ಕಳು. ಅದು ಆ ಔಷಧಿಯ ಗೊತ್ತಿರುವ ಅಡ್ಡಪರಿಣಾಮ, ಎಲ್ಲರಿಗೂ ಬರುವುದಿಲ್ಲ. ಡೈರಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಡಾಕ್ಟರು ಕೇಳಿಸಿಕೊಂಡರು. ಮಾತ್ರೆಯ ಪ್ರಮಾಣವನ್ನು ನಿಧಾನವಾಗಿ ಇಳಿಸಿ ಬೇರೆಯದಕ್ಕೆ ಬದಲಿಸಿದರು. ಈಗ ನೋವಿನ ದಿನಗಳು ಏಳು. ಪದಗಳು ಮರಳಿವೆ. ಸಂಖ್ಯೆ ನೋಡಿದರೆ ನಾನು ಹಿಂದೆ ಬಿದ್ದಿದ್ದೇನೆ. ನನ್ನ ಬದುಕು ನೋಡಿದರೆ ಹಾಗಲ್ಲ. ಹಾಗೆಂದು ಇದೇ ಸರಿಯಾದ ಆಯ್ಕೆ ಎಂದು ನಾನು ಯಾರಿಗೂ ಹೇಳಲಾರೆ. ಟ್ಯಾಕ್ಸಿ ಓಡಿಸುವವರಿಗೆ ಒಂದೆರಡು ಪದ ಹೋದರೂ ಪರವಾಗಿಲ್ಲ, ಒಂದು ದಿನದ ದುಡಿಮೆ ಹೋಗಬಾರದು. ಗರ್ಭಿಣಿಯಾಗಬಯಸುವವರಿಗೆ ಟೋಪಿರಾಮೇಟ್ ಮಗುವಿಗೆ ಅಪಾಯ ತರಬಹುದಾದ್ದರಿಂದ ಲೆಕ್ಕವೇ ಬೇರೆ. ನಾಲ್ಕು ಏಳಕ್ಕಿಂತ ಚಿಕ್ಕದು ಎಂಬುದು ಗಣಿತ. ನಾಲ್ಕು ಏಳಕ್ಕಿಂತ ಒಳ್ಳೆಯದು ಎಂಬುದು ತೀರ್ಮಾನ. ಆ ತೀರ್ಮಾನ ಯಾರ ಬದುಕೋ ಅವರಿಲ್ಲದೆ ಆಗಬಾರದು.

ವೈದ್ಯಲೋಕವೂ ಇದನ್ನು ಅರ್ಧ ಒಪ್ಪಿದೆ. ಮೈಗ್ರೇನ್ ಬಂದಾಗ ನುಂಗುವ ಔಷಧಿಗಳ ಪರೀಕ್ಷೆಯ ಬಗ್ಗೆ ಅಮೆರಿಕದ ಎಫ್‌ಡಿಎ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಗಂಟೆಯಲ್ಲಿ ನೋವು ಹೋಯಿತೇ ಎಂಬುದರ ಜೊತೆಗೆ, ರೋಗಿಯನ್ನು ಅತಿ ಹೆಚ್ಚು ಕಾಡುವ ಇನ್ನೊಂದು ಲಕ್ಷಣ ಹೋಯಿತೇ ಎಂಬುದನ್ನೂ ನೋಡಬೇಕೆಂದಿದೆ. ಅದು ವಾಕರಿಕೆಯೋ, ಬೆಳಕೋ, ಸದ್ದೋ ಎಂದು ರೋಗಿಯೇ ಹೇಳಬೇಕು. ಕೇಳಿದ್ದು ದೊಡ್ಡ ಹೆಜ್ಜೆ. ಆದರೆ ಆರಿಸಲು ಕೊಟ್ಟದ್ದು ಮೂರನ್ನೇ. ಮಂಕು, ಮಾತು ತಪ್ಪುವುದು, ಮರುದಿನದ ಸುಸ್ತು ಆ ಪಟ್ಟಿಯಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಬಾಯಿಮಾತನ್ನೇ ನಂಬಬೇಕೆಂದರೆ ಕಳ್ಳಾಟದವರಿಗೆ ಹಬ್ಬವಲ್ಲವೇ? ಒಬ್ಬರು ಮಲಗಿದರೆ ಅವರ ಕೆಲಸ ಪಕ್ಕದವರ ಮೇಲೆ ಬೀಳುತ್ತದೆ. ಅವರಿಗೂ ವಿರಾರ್ ಲೋಕಲ್ ಹಿಡಿಯಬೇಕು, ಅವರ ಮಗುವಿಗೂ ಜ್ವರವಿರಬಹುದು. ಇದಕ್ಕೆ ನನ್ನ ಉತ್ತರ ಮೀಮಾಂಸಕರಿಂದ ಬಂದದ್ದು. ತಿಳಿವಳಿಕೆ ಹುಟ್ಟುವಾಗಲೇ ಪ್ರಮಾಣವಾಗಿರುತ್ತದೆ, ಅದನ್ನು ಕೆಡಿಸುವ ಕಾರಣ ಸಿಗುವ ತನಕ ಹಾಗೆಯೇ ಇಟ್ಟುಕೊಳ್ಳಬೇಕು ಎನ್ನುತ್ತಾರೆ ಅವರು. ಅಂದರೆ ಕಣ್ಣು ಮುಚ್ಚಿ ನಂಬು ಎಂದಲ್ಲ. ಸಂಶಯಕ್ಕೂ ಒಂದು ಕಾರಣ ಬೇಕು ಎಂದು. ‘ನನಗೆ ಹಾಗಾಗುವುದಿಲ್ಲ’ ಎಂಬುದು ಕಾರಣವಲ್ಲ. ಕಳ್ಳನೊಬ್ಬನನ್ನು ನಂಬಿದರೆ ಒಂದು ದಿನದ ರಜೆ ನಷ್ಟ. ನಿಜ ಹೇಳುವವರನ್ನು ನಂಬದಿದ್ದರೆ ಅವರು ನಿಜ ಹೇಳುವುದನ್ನೇ ಬಿಡುತ್ತಾರೆ. ಎರಡು ನಷ್ಟಗಳು ಒಂದೇ ತೂಕದವಲ್ಲ.

ಹೇಳುವವರ ಮೇಲೂ ಕರ್ತವ್ಯವಿದೆ. ಅರ್ಧ ಕಣ್ಣು ಕಾಣದಾಗ ಸ್ಕೂಟರ್ ಹತ್ತಬಾರದು, ರೈಲಿನ ಬಾಗಿಲಲ್ಲಿ ನಿಲ್ಲಬಾರದು. ಹೊಸದಾಗಿ ಮಾತು ತಪ್ಪಿದರೆ, ಕೈ ಸೋತರೆ ‘ಮೈಗ್ರೇನೇ ಇರಬೇಕು’ ಎಂದು ಮಲಗದೆ ಆಸ್ಪತ್ರೆಗೆ ಓಡಬೇಕು. ಅದು ಪಾರ್ಶ್ವವಾಯುವೂ ಆಗಿರಬಹುದು. ಹುಷಾರಾದ ದಿನ ಪಕ್ಕದವರ ಕೆಲಸಕ್ಕೆ ಹೆಗಲು ಕೊಡಬೇಕು. ಊರೆಲ್ಲ ಸುಮ್ಮನಿರಲಿ ಎಂದು ಕೇಳುವ ಹಕ್ಕೂ ನಮಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಜಾಗವನ್ನು ಮೌನವಲಯವೆಂದು ಘೋಷಿಸಬಹುದು. ಕಾನೂನು ಮೌನವನ್ನು ಜಾಗಕ್ಕೆ ಕೊಟ್ಟಿದೆ, ಮನುಷ್ಯರಿಗಲ್ಲ. ಗಣೇಶ ಚೌತಿಯ ಢೋಲು ಸೊಸೈಟಿಯ ಗೇಟಿಗೆ ಬಂದಾಗ ಕುಣಿಯುವ ಮಕ್ಕಳ ಸುಖವೂ ಸುಖವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಗಳು ಎಂಬ ಸಾಲಿದೆ, ಮೈಗ್ರೇನ್ ಎಂಬ ಹೆಸರಿಲ್ಲ. ಬಂದುಹೋಗುವ ಕಾಯಿಲೆಗೆ ಶೇಕಡಾವಾರು ಸರ್ಟಿಫಿಕೇಟ್ ಕೊಡುವುದು ಹೇಗೆಂದು ನನಗೂ ತೋಚುವುದಿಲ್ಲ. ಸೋಮವಾರ ನೂರು, ಬುಧವಾರ ಸೊನ್ನೆ.

ಕಾನೂನು ಕಾಣದ ಈ ಜಾಗದಲ್ಲಿ ಉಳಿಯುವುದು ಜನರ ನಡುವಿನ ನಡವಳಿಕೆ. ಮನೆಯಲ್ಲಿ ‘ಹೋಯ್ತಾ’ ಎಂದು ಕೇಳುವ ಬದಲು ‘ಇವತ್ತು ಯಾವುದು ಆಗ್ತಿಲ್ಲ?’ ಎಂದು ಕೇಳಬಹುದು. ಮೊದಲನೆಯದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ. ಎರಡನೆಯದಕ್ಕೆ ‘ಲೈಟು ಬೇಡ’, ‘ಫೋನ್ ನೀನೇ ತಗೋ’, ‘ಮಾತಾಡಿಸಬೇಡ, ಕೂತಿರು’ ಎಂದು ಹೇಳಬಹುದು. ಈ ಊರಿಗೆ ಅಂಥ ನಡವಳಿಕೆ ಅಪರಿಚಿತವೂ ಅಲ್ಲ. ಸಂಜೆಯ ಲೇಡೀಸ್ ಡಬ್ಬಿಯಲ್ಲಿ ನಾಲ್ಕನೇ ಸೀಟಿನ ಅಂಚಿಗಾಗಿ ಜಗಳವಾಡುವ ಹೆಂಗಸರೇ, ಯಾರಾದರೂ ‘ಚಕ್ಕರ್ ಬರ್ತಾ ಇದೆ’ ಎಂದರೆ ಎದ್ದು ಜಾಗ ಬಿಡುತ್ತಾರೆ. ನೀರಿನ ಬಾಟಲಿ ನಾಲ್ಕು ಕೈ ದಾಟಿ ಬರುತ್ತದೆ, ಯಾರೋ ಕಿಟಕಿಯ ಬದಿಗೆ ಸರಿಸುತ್ತಾರೆ. ಯಾವ ಡಾಕ್ಟರ ಚೀಟಿಯನ್ನೂ ಕೇಳುವುದಿಲ್ಲ. ಆಕೆ ಮುಂದಿನ ಸ್ಟೇಷನ್ನಿನಲ್ಲಿ ಆರಾಮಾಗಿ ಇಳಿದುಹೋದರೂ ಸುಳ್ಳು ಹೇಳಿದಳೆಂದು ಯಾರೂ ಗೊಣಗುವುದಿಲ್ಲ. ಅದೇ ಹೆಂಗಸರಲ್ಲಿ ಕೆಲವರು ಮರುದಿನ ಬೆಳಿಗ್ಗೆ ಯಾವುದೋ ಆಫೀಸಿನಲ್ಲಿ ಇನ್ಯಾರದೋ ರಜೆಯ ಅರ್ಜಿಗೆ ಸಹಿ ಹಾಕುವವರು.